ಲಿನಕ್ಸ್‌ನಲ್ಲಿ ಹಳೆಯ ನುಡಿ ಫೈಲ್: ತೆರೆಯುವುದರಿಂದ ಪ್ರಿಂಟ್ ಹಾಕಿಸುವವರೆಗೆ

“ಫೈಲೆಲ್ಲಾ ಕೆಟ್ಟೋಗದೆ ಕಣಣ್ಣ.” ಮಂಡ್ಯದ ಕಡೆಯಿಂದ ಈ ಮಾತು ಫೋನಿನಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರ್‌ಗಳಿಗೆ ನಮ್ಮ ಕಡೆ ಸುಮಾರು ಜನ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇಲ್ಲವೇ ಉಬುಂಟು ಹಾಕಿಸಿಕೊಂಡರು. ಮಷೀನು ಚುರುಕಾಯಿತು, ನೆಟ್ ಬಂತು, ಎಲ್ಲ ಸರಿ. ಆಮೇಲೊಂದು ದಿನ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಹಿಂದೆ ಬರೆದಿಟ್ಟ ಸೊಸೈಟಿಯ ಹಳೇ ನಡಾವಳಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಸ.

ನನ್ನ ಹತ್ತಿರ ಬಂದ ಇಂಥ ಫೈಲ್‌ಗಳಲ್ಲಿ ತಾನಾಗಿ ಕೆಟ್ಟಿದ್ದು ಒಂದೂ ಇರಲಿಲ್ಲ. ಕೆಟ್ಟವು ಇದ್ದವು, ಆದರೆ ಅವೆಲ್ಲ ರಿಪೇರಿ ಮಾಡಲು ಹೋಗಿ ಕೆಟ್ಟವು. ಫಾಂಟ್ ಹಾಕುವ ಮೊದಲೇ, ನುಡಿ ಬರಹವನ್ನು ಈಗಿನ ಯೂನಿಕೋಡ್ ಸಂಕೇತಕ್ಕೆ ಬದಲಿಸುವ ಪರಿವರ್ತಕಕ್ಕೆ ಸುರಿದಿರುತ್ತಾರೆ. ಕೀಬೋರ್ಡ್ ಸರಿಯಾಗುವ ಮೊದಲೇ ತಿದ್ದಲು ಕೂತಿರುತ್ತಾರೆ. ನಕಲು ತೆಗೆಯದೆ ಸೇವ್ ಒತ್ತಿರುತ್ತಾರೆ. ಕೆಲಸ ಕಷ್ಟದ್ದಲ್ಲ, ಸರದಿ ತಪ್ಪಿದರೆ ಮಾತ್ರ ಕಷ್ಟ. ಅದಕ್ಕೇ ಕೆಳಗಿನ ಹಂತಗಳನ್ನು ಇದ್ದ ಹಾಗೆಯೇ, ಒಂದಾದ ಮೇಲೊಂದು ಮಾಡಿ. ಐದನೆಯದನ್ನು ಮೊದಲು ಮಾಡಿ ನನಗೆ ಫೋನ್ ಮಾಡಬೇಡಿ.

## ಕೈಗೆ ಏನೇನು ಬೇಕು

ಒಂದು ಖಾಲಿ ಪೆನ್‌ಡ್ರೈವ್. ವರ್ಡ್, ಎಕ್ಸೆಲ್ ಥರದ ಕೆಲಸಕ್ಕೆ ಲಿಬ್ರೆ ಆಫೀಸ್, ಇದು ಮಿಂಟ್‌ನಲ್ಲಿ ಮೊದಲೇ ಇರುತ್ತದೆ. ಒಂದು ಸಾದಾ ಟೆಕ್ಸ್ಟ್ ಎಡಿಟರ್, ಅದೂ ಇರುತ್ತದೆ. ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಇನ್ನೂ ಇದ್ದರೆ ಹತ್ತಿರ ಇಟ್ಟುಕೊಳ್ಳಿ, ಫಾಂಟ್ ಹುಡುಕಲು ಬೇಕಾಗಬಹುದು. ಮತ್ತೆ ಒಂದು ನೋಟ್‌ಬುಕ್ಕು, ಪೆನ್ನು. ತಮಾಷೆಗೆ ಹೇಳುತ್ತಿಲ್ಲ, ಐದನೇ ಹಂತದಲ್ಲಿ ಅವೂ ಬೇಕು.

ಹತ್ತು ಪುಟದ ವರದಿಗೆ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ನೂರು ಪುಟದ್ದಾದರೆ ದಿನಕ್ಕೆ ಇಷ್ಟು ಅಂತ ಮಾಡಿ. ರಾತ್ರಿ ಹನ್ನೊಂದಕ್ಕೆ, ನಾಳೆ ಬೆಳಿಗ್ಗೆ ಮಹಾಸಭೆ ಅನ್ನುವಾಗ ಶುರು ಮಾಡುವ ಕೆಲಸ ಇದಲ್ಲ.

## ಹಂತ 1: ಮೊದಲು ನಕಲು

ಹಳೆಯ ಫೈಲ್‌ಗಳಿರುವ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೆಗೆದು ಮೇಜಿನ ಡ್ರಾದಲ್ಲಿಡಿ. ಕಂಪ್ಯೂಟರಿನಲ್ಲೂ ‘ಮೂಲ’ ಅಂತ ಒಂದು ಫೋಲ್ಡರ್, ‘ಕೆಲಸ’ ಅಂತ ಒಂದು ಫೋಲ್ಡರ್ ಮಾಡಿ. ನಿಮ್ಮ ಕೈ ಆಡುವುದು ‘ಕೆಲಸ’ದಲ್ಲಿ ಮಾತ್ರ.

ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ. ಕಸ ಕಾಣುತ್ತದೆ, ಗಾಬರಿಯಾಗುತ್ತದೆ, ಎಲ್ಲ ಆಯ್ದು ಬೇರೆ ಫಾಂಟ್ ಹಾಕಿ ನೋಡುತ್ತಾರೆ, ಆಗಲಿಲ್ಲ ಅಂತ ಮುಚ್ಚುತ್ತಾರೆ. ಮುಚ್ಚುವಾಗ ಸೇವ್ ಮಾಡಲೇ ಅಂತ ಕೇಳುತ್ತದೆ, ಹೂಂ ಅಂದುಬಿಡುತ್ತಾರೆ. ಆ ಫೈಲ್‌ನಲ್ಲಿ ಯಾವ ಭಾಗಕ್ಕೆ ಯಾವ ಫಾಂಟ್ ಇತ್ತು ಅನ್ನುವ ಗುರುತು ಅಲ್ಲಿಗೆ ಹೋಯಿತು. ಆ ಗುರುತು ಎಷ್ಟು ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

## ಹಂತ 2: ಕಾಯಿಲೆ ಯಾವುದು ಅಂತ ನೋಡಿ

‘ಕನ್ನಡ ಬರ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಔಷಧಿಯೂ ಬೇರೆ ಬೇರೆ.

ಇಂಗ್ಲಿಷ್ ಅಕ್ಷರಗಳ ಕಸ. ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಇರುವ ಎ, ಹೀಗೆಲ್ಲ ಕಂಡರೆ ಅದು ಹಳೆಯ ನುಡಿ ಸಂಕೇತದ ಫೈಲ್. ಒಳಗೆ ಎಲ್ಲ ಭದ್ರವಾಗಿದೆ. ಈ ಬರಹ ಮುಖ್ಯವಾಗಿ ಇದರ ಬಗ್ಗೆಯೇ.

ಚೌಕ ಚೌಕ ಡಬ್ಬಿಗಳು. ಇದು ಯೂನಿಕೋಡ್ ಕನ್ನಡ, ಆದರೆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟೇ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ನೋಟೋ ಇಲ್ಲವೇ ಲೋಹಿತ್ ಕನ್ನಡ ಫಾಂಟ್ ಹುಡುಕಿ ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು.

ಅಕ್ಷರ ಕಾಣುತ್ತದೆ, ಒತ್ತು ಪಕ್ಕದಲ್ಲಿ ಬಿದ್ದಿದೆ. ಯೂನಿಕೋಡ್ ಸರಿ ಇದೆ, ಫಾಂಟೂ ಇದೆ. ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಅದೇ ಫೈಲನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡಿ.

ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಇದೊಂದು ಮಾತ್ರ ನಿಜವಾದ ಅಪಾಯ. ಯಾರೋ ಹಿಂದೆ ತಪ್ಪು ಸಂಕೇತದಲ್ಲಿ ಸೇವ್ ಮಾಡಿದ್ದಾರೆ, ಅಕ್ಷರಗಳ ಜಾಗದಲ್ಲಿ ಚಿಹ್ನೆಗಳೇ ಉಳಿದಿವೆ. ಯಾವ ಪರಿವರ್ತಕವೂ ಅದನ್ನು ವಾಪಸ್ ತರಲಾರದು. ಹಳೆಯ ಪ್ರತಿ ಹುಡುಕಿ. ಕಾಗದದ ಪ್ರತಿ ಮಾತ್ರ ಇದ್ದರೆ 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶಕ್ಕೆ ಕನ್ನಡ ಕಡತ ಸೇರಿಸಿ ಓದಿಸಬಹುದು. ಅಚ್ಚು ಚೆನ್ನಾಗಿದ್ದರೆ ಚೆನ್ನಾಗಿಯೇ ಓದುತ್ತದೆ. ತಿದ್ದುವ ಕೆಲಸ ಇದ್ದೇ ಇರುತ್ತದೆ.

ಮೊದಲನೆಯ ತೊಂದರೆ ಯಾಕೆ ಬರುತ್ತದೆ ಅಂತ ಒಂದು ನಿಮಿಷ ನೋಡೋಣ, ಮುಂದಿನ ಎಲ್ಲ ಹಂತಕ್ಕೂ ಅದೇ ಬುಡ. ಹಳೆಯ ನುಡಿಯಲ್ಲಿ ಕನ್ನಡ ಅಕ್ಷರಕ್ಕೆ ಅಂತ ಬೇರೆ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ‘ಕನ್ನಡ’ ಅನ್ನುವ ಪದ ಆ ಫೈಲ್‌ನಲ್ಲಿ ಹೀಗೆ ಇರುತ್ತದೆ: ದೊಡ್ಡ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಗೀಟಿನ ಎ, ಜರ್ಮನ್ನರ ಬೀಟಾದಂಥ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ನುಡಿ ಫಾಂಟ್ ಇದ್ದರೆ ಈ ಏಳು ತುಂಡು ಸೇರಿ ‘ಕನ್ನಡ’ ಆಗಿ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಬಾಡಿಗೆಮನೆಯ ಗೋಡೆ ಮಾತ್ರ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತದ್ದೇ 128 ಜಾಗಗಳಿವೆ, ಆ ಗೊಂದಲವಿಲ್ಲ.

ಈಗ ಫೈಲ್ ತೆರೆದು ಕಸದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಹೆಸರು ಓರೆ ಅಕ್ಷರದಲ್ಲಿ ಕಂಡರೆ ಆ ಫಾಂಟ್ ನಿಮ್ಮಲ್ಲಿಲ್ಲ ಅಂತ ಅರ್ಥ. ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ‘ನುಡಿ 01 ಇ’, ‘ನುಡಿ 05 ಇ’ ಹೀಗೇನೋ ಇರುತ್ತದೆ. ಹೆಸರು ಶ್ರೀ-ಕನ್ ಅಂತ ಶುರುವಾದರೆ ಅದು ಶ್ರೀಲಿಪಿ ಅನ್ನುವ ಬೇರೆ ತಂತ್ರಾಂಶದ್ದು, ಅದರ ಸಂಕೇತವೇ ಬೇರೆ. ನುಡಿಯ ಪರಿವರ್ತಕಕ್ಕೆ ಅದನ್ನು ಹಾಕಿದರೆ ಕಸದಿಂದ ಇನ್ನೊಂದು ಕಸ ಬರುತ್ತದೆ, ಅಷ್ಟೆ.

## ಹಂತ 3: ಫಾಂಟ್ ಹಾಕಿ, ಕಣ್ಣಿಂದ ನೋಡಿ

ಪರಿವರ್ತನೆಗೆ ಮೊದಲು ಫೈಲ್ ಸರಿಯಾಗಿ ಕಾಣಲೇಬೇಕು. ಯಾಕೆ ಅಂದರೆ, ಬದಲಿಸಿದ ಮೇಲೆ ಸರಿ ಬಂತೋ ಇಲ್ಲವೋ ಅಂತ ಯಾವುದರ ಜೊತೆ ಹೋಲಿಸುತ್ತೀರಿ?

ಹಳೆಯ ಡಿಸ್ಕಿನಲ್ಲಿ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅನ್ನುವ ಫೋಲ್ಡರ್ ಇರುತ್ತದೆ, ನುಡಿಯ ಟಿಟಿಎಫ್ ಫೈಲ್‌ಗಳು ಅಲ್ಲೇ ಸಿಗುತ್ತವೆ. ಡಿಸ್ಕ್ ಇಲ್ಲದಿದ್ದರೆ ಇನ್ನೂ ನುಡಿ ಬಳಸುವ ಯಾರಾದರೂ ಗೆಳೆಯರಿಂದ ತನ್ನಿ. ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನೋಡುವ ಕಿಟಕಿ ತೆರೆಯುತ್ತದೆ, ಅದರಲ್ಲಿ ಇನ್‌ಸ್ಟಾಲ್ ಗುಂಡಿ ಇದೆ. ಹಾಕಿದ ಮೇಲೆ ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿ ತೆರೆಯಿರಿ. ಮುಚ್ಚದೇ ‘ಹಾಕಿದ್ರೂ ಬರ್ತಿಲ್ಲ’ ಅನ್ನುವವರು ಬಹಳ.

ಹಾಕಿದ ಫಾಂಟಿನ ಹೆಸರಿಗೂ ಫೈಲ್ ಕೇಳುವ ಹೆಸರಿಗೂ ಹೊಂದಿಕೆ ಆಗದಿದ್ದರೆ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಲಿಬ್ರೆ ಆಫೀಸ್ ಭಾಗದಲ್ಲಿ ಫಾಂಟ್ಸ್ ಆಯ್ದುಕೊಳ್ಳಿ. ಅಲ್ಲಿ ಒಂದು ಬದಲಿ ಪಟ್ಟಿ ಇದೆ: ಈ ಹೆಸರು ಬಂದರೆ ಆ ಫಾಂಟ್ ಬಳಸು ಅಂತ ಹೇಳಬಹುದು. ‘ಯಾವಾಗಲೂ’ ಅನ್ನುವುದಕ್ಕೆ ಗುರುತು ಹಾಕಿ. ಹೀಗೆ ಮಾಡಿದರೆ ಫೈಲ್ ಒಳಗಿನ ಹೆಸರು ಬದಲಾಗುವುದಿಲ್ಲ, ಕಾಣುವುದಷ್ಟೇ ಬದಲಾಗುತ್ತದೆ.

ಈಗ ಕನ್ನಡ ಕಾಣುತ್ತಿದೆ ಅಲ್ವಾ? ನಿಮಗೆ ಬೇಕಿದ್ದುದು ಒಂದು ಪ್ರಿಂಟ್ ಮಾತ್ರ ಆಗಿದ್ದರೆ ಪಿಡಿಎಫ್ ಮಾಡಿ, ಇಲ್ಲಿಗೇ ನಿಲ್ಲಿಸಿ. ನಿಜವಾಗಿ. ಸುಮ್ನೆ ಎಲ್ಲವನ್ನೂ ಯೂನಿಕೋಡ್ ಮಾಡಬೇಕಿಲ್ಲ. ವಾಟ್ಸಾಪ್‌ಗೆ ಹಾಕಬೇಕು, ಹುಡುಕಬೇಕು, ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಬೇಕು, ಮುಂದಿನ ವರ್ಷವೂ ತಿದ್ದಬೇಕು ಅಂದರೆ ಮಾತ್ರ ಮುಂದಕ್ಕೆ ಬನ್ನಿ.

ಒಂದು ಬಲೆ ಇದೆ. ಹಳೆಯ ಸಂಕೇತದ ಫೈಲ್‌ನಲ್ಲೇ ಎರಡು ಸಾಲು ತಿದ್ದಿಬಿಡೋಣ ಅಂತ ಟೈಪ್ ಮಾಡಿದರೆ, ಲಿಬ್ರೆ ಆಫೀಸ್ ಅದನ್ನು ಇಂಗ್ಲಿಷ್ ಅಂದುಕೊಂಡು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ನುಡಿಯಲ್ಲಿ ಸಣ್ಣ ಪಿ ಬೇರೆ, ದೊಡ್ಡ ಪಿ ಬೇರೆ. ಕನ್ನಡದ ಅಕ್ಷರವೇ ಬದಲಾಗಿಬಿಡುತ್ತದೆ. ಟೂಲ್ಸ್‌ನಲ್ಲಿ ಆಟೋಕರೆಕ್ಟ್ ನಿಲ್ಲಿಸದೆ ಹಳೆಯ ಫೈಲ್‌ಗೆ ಕೈ ಹಾಕಬೇಡಿ.

## ಹಂತ 4: ಕೀಬೋರ್ಡ್ ಮತ್ತು ಲಿಬ್ರೆ ಆಫೀಸ್ ಸಿದ್ಧ ಮಾಡಿ

ಪರಿವರ್ತನೆಯಾದ ಮೇಲೆ ಅಲ್ಲಲ್ಲಿ ತಿದ್ದಬೇಕಾಗುತ್ತದೆ. ಆಗ ಯೂನಿಕೋಡ್ ಕನ್ನಡ ಟೈಪ್ ಮಾಡಲು ಬರಬೇಕು. ಅದಕ್ಕೇ ಇದು ಮೊದಲು.

ನುಡಿಯ ಕೀಬೋರ್ಡಿಗೆ ಕೈ ಪಳಗಿದವರಿಗೆ ಲಿನಕ್ಸ್‌ನಲ್ಲಿ ಅದೇ ವಿನ್ಯಾಸ ಸಿಗುತ್ತದೆ, ಕೆಜಿಪಿ ಅನ್ನುವ ಹೆಸರಲ್ಲಿ. ಆದರೆ ಎರಡು ಕಡೆ ಸಿಗುತ್ತದೆ, ಎರಡೂ ಒಂದೇ ಅಲ್ಲ. ಜನ ಕೈಚೆಲ್ಲಿ ಕೂರುವುದು ಇಲ್ಲೇ.

ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲಿ ‘ಕನ್ನಡ ಕಗಪ ಫೊನೆಟಿಕ್’ ಅಂತ ಒಂದಿದೆ. ಇದರಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ. ಹಿಂದೆ ಏನಿದೆ ಅಂತ ಅದು ನೋಡುವುದಿಲ್ಲ. ಹಾಗಾಗಿ ಪದದ ಮೊದಲಿಗೆ ‘ಇ’ ಬೇಕು ಅಂತ ಐ ಒತ್ತಿದರೆ ಬರೀ ಗುಡಿಸು ಬಂದು ಚುಕ್ಕಿವೃತ್ತದ ಮೇಲೆ ಕೂರುತ್ತದೆ. ಇನ್ನೊಂದು ಐಬಸ್ ಎಂ17ಎನ್ (ibus-m17n) ಅನ್ನುವ, ಟೈಪ್ ಮಾಡಲು ನೆರವಾಗುವ ತಂತ್ರಾಂಶದ ಪೊಟ್ಟಣದ ಜೊತೆ ಬರುವ ಕೆಜಿಪಿ. ಇದು ಹಿಂದಿನ ಅಕ್ಷರ ನೋಡಿ ಸ್ವರ ಬೇಕೋ, ಸ್ವರಚಿಹ್ನೆ ಬೇಕೋ ತೀರ್ಮಾನಿಸುತ್ತದೆ. ನುಡಿಯಲ್ಲಿ ಆಗುತ್ತಿದ್ದುದೂ ಹೀಗೇ. ನಿಮಗೆ ಬೇಕಾದದ್ದು ಎರಡನೆಯದು.

ಸಾಫ್ಟ್‌ವೇರ್ ಮ್ಯಾನೇಜರ್ ಇಲ್ಲವೇ ಸಿನಾಪ್ಟಿಕ್‌ನಲ್ಲಿ ಐಬಸ್ ಎಂ17ಎನ್ ಹುಡುಕಿ ಹಾಕಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಕೂಡಿಸು ಗುರುತು. ಮಿಂಟ್‌ನಲ್ಲಿ ಮೆನುವಿನಿಂದ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆಯ್ದುಕೊಳ್ಳಿ, ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಜಿಪಿ ಸೇರಿಸಿ. ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಕೆಳಗಿನ ಮೂರು ಚುಕ್ಕಿ ಒತ್ತಿ, ಪೂರ್ತಿ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಕೆಡಿಇ ಬಳಸುವವರು ವೇಲ್ಯಾಂಡ್‌ನಲ್ಲಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಐಬಸ್ ಆಯ್ಕೆ ಮಾಡಬೇಕು.

ಎಲ್ಲ ಆದ ಮೇಲೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಬರೀ ಕಿಟಕಿ ಮುಚ್ಚಿ ತೆರೆದರೆ ಸಾಲದು.

ಪರೀಕ್ಷೆ ಹೀಗೆ. ಟೆಕ್ಸ್ಟ್ ಎಡಿಟರ್ ತೆರೆದು ಕನ್ನಡಕ್ಕೆ ಬದಲಿಸಿ. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಎಂ, ಶಿಫ್ಟ್ ಹಿಡಿದು ಎಂ, ಡಬ್ಲ್ಯು, ಎಫ್, ವೈ ಒತ್ತಿ. ‘ಮಂಡ್ಯ’ ಬಂದರೆ ಗೆದ್ದಿರಿ. ಎಫ್ ಅಂದರೆ ಇಲ್ಲಿ ಅರ್ಧಾಕ್ಷರದ ಕೀಲಿ. ಎಡಿಟರ್‌ನಲ್ಲಿ ಬಂದು ಯಾವುದೋ ಒಂದು ತಂತ್ರಾಂಶದಲ್ಲಿ ಮಾತ್ರ ಬರದಿದ್ದರೆ, ಅದು ಸ್ನ್ಯಾಪ್ ಇಲ್ಲವೇ ಫ್ಲ್ಯಾಟ್‌ಪ್ಯಾಕ್ ಅನ್ನುವ ಬೇರೆ ಬಗೆಯ ಪೊಟ್ಟಣದ ರೂಪದಲ್ಲಿ ಹಾಕಿದ್ದಿರಬಹುದು. ಅದನ್ನು ತೆಗೆದು ಮಾಮೂಲಿ ಪೊಟ್ಟಣ ಹಾಕಿ ನೋಡಿ.

ಈಗ ಲಿಬ್ರೆ ಆಫೀಸ್. ಇದರ ತಲೆಯಲ್ಲಿ ಎರಡು ಖಾನೆಗಳಿವೆ. ಇಂಗ್ಲಿಷ್‌ನಂಥ ಬರಹಕ್ಕೆ ಪಾಶ್ಚಾತ್ಯ ಖಾನೆ, ಕನ್ನಡದಂಥ ಜೋಡಣೆಯ ಲಿಪಿಗೆ ಸಿಟಿಎಲ್ ಖಾನೆ. ಎರಡಕ್ಕೂ ಫಾಂಟ್ ಬೇರೆ, ಗಾತ್ರ ಬೇರೆ. ಯೂನಿಕೋಡ್ ಕನ್ನಡ ಸಿಟಿಎಲ್ ಖಾನೆಯದು. ಆದರೆ ಹಳೆಯ ನುಡಿ ಬರಹ? ಅದು ಒಳಗೆ ಇಂಗ್ಲಿಷ್ ಅಕ್ಷರಗಳೇ ತಾನೇ, ಪಾಶ್ಚಾತ್ಯ ಖಾನೆಗೆ ಸೇರುತ್ತದೆ. ಇದು ಗೊತ್ತಿಲ್ಲದೆ ‘ಗಾತ್ರ 16 ಮಾಡಿದ್ರೂ ಕನ್ನಡ ಸಣ್ಣದಾಗೇ ಇದೆ’ ಅಂತ ಒದ್ದಾಡುವವರನ್ನು ಎಷ್ಟು ನೋಡಿದ್ದೇನೋ.

ಟೂಲ್ಸ್, ಆಪ್ಷನ್ಸ್, ಭಾಷೆಯ ಭಾಗಕ್ಕೆ ಹೋಗಿ ಸಿಟಿಎಲ್ ಎದುರು ಕನ್ನಡ ಆಯ್ದುಕೊಳ್ಳಿ. ಆಮೇಲೆ ರೈಟರ್ ಭಾಗದಲ್ಲಿ ಸಿಟಿಎಲ್‌ನ ಮೂಲ ಫಾಂಟ್‌ಗಳು ಅಂತ ಪುಟ ಇರುತ್ತದೆ. ಅಲ್ಲಿ ನೋಟೋ ಸೆರಿಫ್ ಕನ್ನಡ ಹಾಕಿ. ಪುಸ್ತಕ, ವರದಿಗಳಿಗೆ ನನಗೆ ಇದೇ ಇಷ್ಟ. ಆಹ್ವಾನ ಪತ್ರಿಕೆಗೆ ನವಿಲು ಚೆನ್ನಾಗಿರುತ್ತದೆ. ಆವೃತ್ತಿಗೆ ತಕ್ಕಂತೆ ಈ ಪುಟಗಳ ಹೆಸರು ಸ್ವಲ್ಪ ಆಚೀಚೆ ಇರುತ್ತದೆ.

## ಹಂತ 5: ಬದಲಿಸುವುದು

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಮುಕ್ತ ಪರಿವರ್ತಕಗಳು ಬ್ರೌಸರಿನಲ್ಲೇ ಸಿಗುತ್ತವೆ. ಮೊದಲು ಒಂದು ಎಚ್ಚರಿಕೆ. ನಿಮ್ಮ ಫೈಲ್‌ನಲ್ಲಿ ಸದಸ್ಯರ ಹೆಸರು, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇದ್ದರೆ ಅದನ್ನು ಯಾರದೋ ಸರ್ವರ್‌ಗೆ ಕಳಿಸಬಾರದು. ಪತ್ತೆ ಮಾಡುವುದು ಸುಲಭ: ಪರಿವರ್ತಕದ ಪುಟ ತೆರೆಯಿರಿ, ನೆಟ್ ಬಂದ್ ಮಾಡಿ, ಹಳೆಯ ಫೈಲ್‌ನಿಂದ ‘ಕನ್ನಡ’ ಅನ್ನುವ ಒಂದು ಪದ ಕಾಪಿ ಮಾಡಿ ಹಾಕಿ ಬದಲಿಸಿ. ನೆಟ್ ಇಲ್ಲದೆಯೂ ಬದಲಾದರೆ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತಿದೆ. ನೆಟ್ ಬಂದ್ ಇಟ್ಟುಕೊಂಡೇ ಉಳಿದದ್ದನ್ನೂ ಮುಗಿಸಿ, ಆಮೇಲೆ ಆ ಪುಟ ಮುಚ್ಚಿ.

ಪರಿವರ್ತಕಕ್ಕೆ ಪರೀಕ್ಷೆ ಕೊಡಿ. ಎಲ್ಲ ಪರಿವರ್ತಕಗಳೂ ‘ಕನ್ನಡ’ವನ್ನು ಸರಿಯಾಗಿ ಬದಲಿಸುತ್ತವೆ. ಜಾರುವುದು ಅರ್ಕಾವತ್ತು, ಎರಡೆರಡು ಒತ್ತು ಇರುವ ಕಡೆ. ನಾನು ಒಂದು ಸಾಲು ಇಟ್ಟುಕೊಂಡಿದ್ದೇನೆ: ಸೂರ್ಯ, ಸಾಮರ್ಥ್ಯ, ಅರ್ಕೇಶ್ವರ, ಶ್ರೀರಂಗಪಟ್ಟಣ, ಕೃಷ್ಣರಾಜಸಾಗರ, ವಿಶ್ವೇಶ್ವರಯ್ಯ, ಲಕ್ಷ್ಮೀ, ರಾಷ್ಟ್ರ, ಜ್ಞಾನ, ದುಃಖ. ನಿಮ್ಮ ಹಳೆಯ ಫೈಲ್‌ಗಳಲ್ಲಿ ಇಂಥ ಪದಗಳನ್ನು ಹುಡುಕಿ ಒಂದೊಂದೇ ಹಾಕಿ ನೋಡಿ. ನಮ್ಮ ಕಡೆಯ ಊರು, ದೇವಸ್ಥಾನ, ಅಣೆಕಟ್ಟುಗಳ ಹೆಸರಿನಲ್ಲೇ ಬೇಕಾದ ಒತ್ತೆಲ್ಲ ಇದೆ.

ಅರ್ಕಾವತ್ತು ಯಾಕೆ ಜಾರುತ್ತದೆ? ನುಡಿಯಲ್ಲಿ ಬರೆಯುವ ಸರದಿ. ‘ಸೂರ್ಯ’ದಲ್ಲಿ ಯ ಆದ ಮೇಲೆ ಅರ್ಕಾವತ್ತು ಬರುತ್ತದೆ, ನಾವು ಕೈಯಲ್ಲಿ ಬರೆದ ಹಾಗೆ. ಯೂನಿಕೋಡ್‌ನಲ್ಲಿ ಉಚ್ಚರಿಸುವ ಸರದಿ: ಮೊದಲು ರ್, ಆಮೇಲೆ ಯ. ಪರಿವರ್ತಕ ಅದನ್ನು ಹಿಂದಿನಿಂದ ಎತ್ತಿ ಮುಂದೆ ಇಡಬೇಕು. ನಡುವೆ ಇನ್ನೊಂದು ಒತ್ತು ಇದ್ದರೆ, ‘ಸಾಮರ್ಥ್ಯ’ದ ಹಾಗೆ, ಎಷ್ಟು ಮುಂದೆ ಇಡಬೇಕು ಅಂತ ಕೆಲವಕ್ಕೆ ತಿಳಿಯುವುದಿಲ್ಲ.

ಇಂಗ್ಲಿಷ್ ಪದಗಳನ್ನು ಬಚ್ಚಿಡಿ. ಅತಿ ಹೆಚ್ಚು ಫೈಲ್‌ಗಳು ಹಾಳಾಗುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ. ಹಳೆಯ ವರದಿಯಲ್ಲಿ ನಡುನಡುವೆ ನಿಜವಾದ ಇಂಗ್ಲಿಷೂ ಇರುತ್ತದೆ: ಇಮೇಲ್ ವಿಳಾಸ, ಕಂಪನಿ ಹೆಸರು, ಐಎಫ್‌ಎಸ್‌ಸಿ ಸಂಕೇತ. ಲಿಬ್ರೆ ಆಫೀಸ್‌ನಲ್ಲಿ ಅದಕ್ಕೆ ಬೇರೆ ಫಾಂಟ್ ಇರುವುದರಿಂದ ಸರಿಯಾಗಿ ಕಾಣುತ್ತದೆ. ಆದರೆ ಪರಿವರ್ತಕದ ಪೆಟ್ಟಿಗೆಗೆ ಅಂಟಿಸಿದ ಕೂಡಲೇ ಫಾಂಟಿನ ಗುರುತು ಉದುರಿ ಬರೀ ಅಕ್ಷರಗಳು ಉಳಿಯುತ್ತವೆ. ಪರಿವರ್ತಕಕ್ಕೆ ಎಲ್ಲವೂ ನುಡಿಯೇ. ಇಮೇಲ್ ವಿಳಾಸವೂ ಯಾವುದೋ ಅರ್ಥವಿಲ್ಲದ ಕನ್ನಡವಾಗಿ ಹೊರಗೆ ಬರುತ್ತದೆ. ಐಎಫ್‌ಎಸ್‌ಸಿ ಸಂಕೇತ ಹಾಗೆ ಬದಲಾದರೆ ಯಾರ ದುಡ್ಡು ಎಲ್ಲಿಗೆ?

ನಾನು ಮಾಡುವ ಉಪಾಯ ತುಂಬ ಹಳೇ ಕಾಲದ್ದು. ‘ಕೆಲಸ’ದ ಪ್ರತಿಯಲ್ಲಿ ಪ್ರತಿ ಇಂಗ್ಲಿಷ್ ತುಂಡನ್ನೂ ಅಳಿಸಿ ಅದರ ಜಾಗದಲ್ಲಿ 99001, 99002 ಹೀಗೆ ಸಂಖ್ಯೆ ಹಾಕುತ್ತೇನೆ. ಯಾವ ಸಂಖ್ಯೆಗೆ ಯಾವ ಪದ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಅಂಕಿಗಳು ಸಾಮಾನ್ಯವಾಗಿ ಪರಿವರ್ತಕದಲ್ಲಿ ಕೆಡದೆ ದಾಟುತ್ತವೆ. ಕೊನೆಗೆ ಒಂದೊಂದನ್ನೇ ವಾಪಸ್ ಹಾಕಿದರಾಯಿತು. ಆ ಸಂಖ್ಯೆಗಳು ನಿಮ್ಮ ಫೈಲ್‌ನಲ್ಲಿ ಬೇರೆ ಕಡೆ ಇಲ್ಲ ಅಂತ ಮೊದಲೇ ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಅಂಕಿಯ ಮಾತು ಬಂತಲ್ಲ. ನುಡಿಯಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಫಾಂಟ್‌ಗಳು ಅಂಕಿಯನ್ನು ಕನ್ನಡದಲ್ಲಿ ತೋರಿಸುತ್ತವೆ. ಬದಲಿಸಿದ ಮೇಲೆ ಅವು ಇಂಗ್ಲಿಷ್ ಅಂಕಿಗಳಾಗಿ ಕಂಡರೆ ಗಾಬರಿ ಬೇಡ, ಬೆಲೆ ಅದೇ.

ಬದಲಿಸಿ. ಒಂದು ಸಲಕ್ಕೆ ಒಂದು ಪುಟ. ಕಾಪಿ, ಪರಿವರ್ತಕಕ್ಕೆ ಅಂಟಿಸು, ಬದಲಿಸು, ಫಲಿತಾಂಶವನ್ನು ಹೊಸ ಖಾಲಿ ಫೈಲ್‌ಗೆ ಅಂಟಿಸು. ಹಳೆಯ ಫೈಲ್‌ನ ಮೇಲೆಯೇ ಅಂಟಿಸಬೇಡಿ. ಎಲ್ಲಿ ಬಿಟ್ಟಿರಿ ಅಂತ ತಿಳಿಯದೆ, ಒಮ್ಮೆ ಬದಲಾದದ್ದೇ ಮತ್ತೊಮ್ಮೆ ಪರಿವರ್ತಕಕ್ಕೆ ಹೋಗುತ್ತದೆ. ಹೊಸ ಫೈಲನ್ನು ಲಿಬ್ರೆ ಆಫೀಸ್‌ನ ಸ್ವಂತ ರೂಪವಾದ ಓಡಿಟಿಯಲ್ಲಿ ಉಳಿಸಿ.

ಸದಸ್ಯರ ಪಟ್ಟಿ, ಲೆಕ್ಕದ ಹಾಳೆ ಆದರೆ ಇನ್ನೂ ಹುಷಾರಾಗಿರಬೇಕು. ಹೆಸರಿನ ಕಂಬವನ್ನು (ಕಾಲಂ) ಮಾತ್ರ ಆಯ್ದು ಬದಲಿಸಿ. ವಾಪಸ್ ಅಂಟಿಸುವಾಗ ಲಿಬ್ರೆ ಆಫೀಸ್‌ನ ಲೆಕ್ಕದ ತಂತ್ರಾಂಶ ಕ್ಯಾಲ್ಕ್ ಒಂದು ಪೆಟ್ಟಿಗೆ ತೋರಿಸುತ್ತದೆ. ಅದರಲ್ಲಿ ಅಲ್ಪವಿರಾಮ, ಸ್ಪೇಸ್ ಎದುರಿನ ಗುರುತು ತೆಗೆಯದಿದ್ದರೆ ‘ಬೀದಿ, ಊರು, ತಾಲ್ಲೂಕು’ ಮೂರು ಕಂಬಗಳಿಗೆ ಹರಡಿಕೊಂಡು ಪಕ್ಕದ ಲೆಕ್ಕವನ್ನೆಲ್ಲ ಮುಚ್ಚಿಹಾಕುತ್ತದೆ. ಒಂದೇ ಮನೆಯೊಳಗೆ ಎರಡು ಸಾಲು ಬರೆದಿದ್ದರೆ ಅಲ್ಲಿಂದ ಕೆಳಗೆ ಎಲ್ಲರ ಹೆಸರೂ ಒಂದೊಂದು ಮನೆ ಜರುಗುತ್ತದೆ. ಅವರ ಸಾಲ ಇವರ ಹೆಸರಿಗೆ! ಅದಕ್ಕೇ ಹೊಸ ಹೆಸರುಗಳನ್ನು ಹಳೆಯ ಕಂಬದ ಪಕ್ಕದ ಖಾಲಿ ಕಂಬಕ್ಕೆ ಅಂಟಿಸಿ. ಮೊದಲ ಹೆಸರು, ಕೊನೆಯ ಹೆಸರು, ನಡುವಿನ ಒಂದತ್ತು ಹೆಸರು ಅಕ್ಕಪಕ್ಕ ತಾಳೆ ನೋಡಿ. ಆಮೇಲೆ ಹಳೆಯ ಕಂಬವನ್ನು ಮರೆಮಾಡಿ, ಅಳಿಸಬೇಡಿ.

## ಹಂತ 6: ತಾಳೆ ನೋಡುವುದು

ಹಳೆಯ ಫೈಲ್ ಎಡಕ್ಕೆ, ಹೊಸದು ಬಲಕ್ಕೆ. ಓದುವ ಮೊದಲು ಮೂರು ಹುಡುಕಾಟ.

ಮೊದಲನೆಯದು, ಆ ಗೀಟಿನ ಎ. ನುಡಿಯಲ್ಲಿ ಅಕಾರದ ಕೊನೆ ಇರುವ ಅಕ್ಷರಗಳಲ್ಲೆಲ್ಲ ಸಾಮಾನ್ಯವಾಗಿ ಅದು ಇರುತ್ತದೆ. ಹಳೆಯ ಫೈಲ್‌ನಿಂದ ಒಂದನ್ನು ಕಾಪಿ ಮಾಡಿ ಹೊಸ ಫೈಲ್‌ನಲ್ಲಿ ಹುಡುಕಿ. ಒಂದೂ ಸಿಗಬಾರದು. ಸಿಕ್ಕಿದರೆ ಆ ಭಾಗ ಬದಲಾಗಿಲ್ಲ.

ಎರಡನೆಯದು, ಚುಕ್ಕಿಗಳ ವೃತ್ತ. ಅಕ್ಷರವಿಲ್ಲದೆ ಒಂಟಿಯಾಗಿ ನಿಂತ ಗುಣಿತದ ಚಿಹ್ನೆಗೆ ಕಂಪ್ಯೂಟರ್ ಹಾಗೆ ತೋರಿಸುತ್ತದೆ. ಇದನ್ನು ಹುಡುಕುವ ಪೆಟ್ಟಿಗೆಯಲ್ಲಿ ಹುಡುಕಲಾಗದು, ಕಣ್ಣಿಂದಲೇ ನೋಡಬೇಕು. ಪುಟವನ್ನು ಶೇ. 150ಕ್ಕೆ ಹಿಗ್ಗಿಸಿ ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ.

ಮೂರನೆಯದು ರ‍್ಯಾಂಕ್, ರ‍್ಯಾಲಿ ಇಂಥ ಪದಗಳು. ಇವುಗಳಲ್ಲಿ ರ ದೊಡ್ಡದಾಗಿ ನಿಂತು ಯ ಒತ್ತಾಗಬೇಕು. ಪರಿವರ್ತನೆಯಲ್ಲಿ ಎಷ್ಟೋ ಸಲ ‘ರ್ಯಾಂಕ್’ ಅಂತ ಅರ್ಕಾವತ್ತಿನ ರೂಪ ಬರುತ್ತದೆ. ರ ಮತ್ತು ಅರ್ಧಾಕ್ಷರದ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರಬೇಕು, ಅದು ಬಿಟ್ಟುಹೋಗಿರುತ್ತದೆ. ಲಿಬ್ರೆ ಆಫೀಸ್‌ನಲ್ಲಿ ರ ಟೈಪ್ ಮಾಡಿ, ಇಂಗ್ಲಿಷಿಗೆ ಬದಲಿಸಿ 200 ಅದರ ಹಿಂದೆಯೇ ಡಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಆ ಜೋಡಕ ಬರುತ್ತದೆ. ಆಮೇಲೆ ಕನ್ನಡಕ್ಕೆ ಬಂದು ಮುಂದಿನದನ್ನು ಬರೆಯಿರಿ. ಡಿ ಬದಲು ಸಿ ಒತ್ತಿದರೆ ಬಿಡಿಸುವ ಚಿಹ್ನೆ, ‘ಸಾಫ್ಟ್‌ವೇರ್’ನಲ್ಲಿ ಟ್ ಮತ್ತು ವೇ ಅಂಟಿಕೊಳ್ಳದಂತೆ ಇಡುವುದು ಅದೇ.

ಸರಿಯಾದ ಪದವನ್ನು ಒಮ್ಮೆ ಮಾಡಿಕೊಂಡು ಎಲ್ಲ ಕಡೆ ಬದಲಿಸಬಹುದು. ಆದರೆ ಪೂರ್ತಿ ಪದವನ್ನೇ ಬದಲಿಸಿ. ಜಾಣತನ ಮಾಡಿ ‘ರ್ಯ’ವನ್ನಷ್ಟೇ ಎಲ್ಲ ಕಡೆ ಬದಲಿಸಿದರೆ ಸೂರ್ಯ, ಕಾರ್ಯ, ಆಚಾರ್ಯ ಎಲ್ಲ ಹಾಳು. ನಾನೇ ಮಾಡಿದ್ದೇನೆ. ಕಾರ್ಯದರ್ಶಿಯವರ ಹುದ್ದೆಯೇ ನಲವತ್ತು ಕಡೆ ವಿಚಿತ್ರವಾಗಿ ಕಂಡಿತು.

ಆಮೇಲೆ ನೋಟ್‌ಬುಕ್ ತೆರೆದು ಇಂಗ್ಲಿಷ್ ತುಂಡುಗಳನ್ನು ವಾಪಸ್ ಹಾಕಿ, 990 ಅಂತ ಹುಡುಕಿ ಬಚ್ಚಿಟ್ಟ ಸಂಖ್ಯೆ ಒಂದೂ ಉಳಿದಿಲ್ಲ ಅಂತ ನೋಡಿ. ಕೊನೆಗೆ ಕೂತು ಓದಿ. ಇಬ್ಬರಿದ್ದರೆ ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ನೋಡಲಿ.

## ಹಂತ 7: ಪ್ರಿಂಟು, ಪ್ರೆಸ್ಸು

ಜೆರಾಕ್ಸ್ ಅಂಗಡಿಗೆ ಹೋಗುವುದಾದರೆ ಪಿಡಿಎಫ್ ಮಾತ್ರ ತೆಗೆದುಕೊಂಡು ಹೋಗಿ. ಓಡಿಟಿ, ಡಾಕ್ಸ್ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ಪುಟಗಳೆಲ್ಲ ಜರುಗುತ್ತವೆ. ಲಿಬ್ರೆ ಆಫೀಸ್ ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸುತ್ತದೆ. ಖಾತ್ರಿಗೆ ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ನೋಡಿ, ಪ್ರತಿಯೊಂದರ ಎದುರು ಎಂಬೆಡೆಡ್ ಅಂತ ಇರಬೇಕು. ಆದರೆ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರ ಕಲಸಿಹೋಗಬಹುದು. ಮುಂದೆ ತಿದ್ದಲು ಓಡಿಟಿ ಇಟ್ಟುಕೊಂಡಿರಿ.

ಪ್ರೆಸ್ಸಿನ ಕಥೆ ಬೇರೆ. “ನುಡಿಯಲ್ಲೇ ಕೊಡಿ ಸಾರ್” ಅಂತ ಈಗಲೂ ಕೇಳುತ್ತಾರೆ. ಅವರದ್ದು ಹಠ ಅಲ್ಲ. ಅವರು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ. ನಮ್ಮ ಅಕ್ಕನ ಮಗನ ಮದುವೆ ಕಾರ್ಡನ್ನು ಯೂನಿಕೋಡ್‌ನಲ್ಲಿ ಬರೆದು ಮೈಸೂರಿನ ಒಂದು ಪ್ರೆಸ್ಸಿಗೆ ಕೊಟ್ಟೆ. ಅಲ್ಲಿ ತೆರೆಯಲಿಲ್ಲ, ಅಲ್ಲಿನ ಹುಡುಗ ತಾನೇ ಹೊಸದಾಗಿ ಟೈಪ್ ಮಾಡಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಪ್ರೂಫ್ ನೋಡುವಾಗ ಮುಹೂರ್ತದ ಹೊತ್ತೇ ಒಂದು ಗಂಟೆ ಹಿಂದಕ್ಕೆ ಹೋಗಿತ್ತು.

ಆಮೇಲಿಂದ ನಾನು ಮೊದಲೇ ಕೇಳುತ್ತೇನೆ: ನೀವು ಯಾವುದರಲ್ಲಿ ಪುಟ ಕಟ್ಟುತ್ತೀರಿ? ಪೇಜ್‌ಮೇಕರ್ ಅಂದರೆ ಎರಡು ದಾರಿ. ಪುಟವನ್ನು ನಾನೇ ಪೂರ್ತಿ ಕಟ್ಟಿ ಪಿಡಿಎಫ್ ಕೊಡುತ್ತೇನೆ, ಅಥವಾ ಯೂನಿಕೋಡ್‌ನಿಂದ ನುಡಿಗೆ ಹಿಂದಕ್ಕೆ ಬದಲಿಸಿ ಕೊಡುತ್ತೇನೆ. ಹಿಂದಕ್ಕೆ ಬದಲಿಸುವಾಗಲೂ ಇಂಗ್ಲಿಷ್, ಅರ್ಕಾವತ್ತು, ರ‍್ಯಾಂಕಿನ ಅದೇ ತಾಪತ್ರಯಗಳಿವೆ. ಹಾಗಾಗಿ ಪಿಡಿಎಫ್ ಮೇಲು. ಪುಟ ಕಟ್ಟಲು ಸ್ಕ್ರೈಬಸ್ ಬಳಸುವುದಾದರೆ 1.6 ಇಲ್ಲವೇ ಅದಕ್ಕಿಂತ ಹೊಸದು ಇರಲಿ. ಹಳೆಯ 1.4ರಲ್ಲಿ ಕನ್ನಡದ ಒತ್ತುಗಳು ಜೋಡಣೆಯಾಗುವುದಿಲ್ಲ. ಒಂದೇ ಪುಟದ ಕಾರ್ಡಿಗೆ ಇಂಕ್‌ಸ್ಕೇಪ್ ಸಾಕು, ಅದರಲ್ಲಿ ಕನ್ನಡ ಸರಿಯಾಗಿ ಬರುತ್ತದೆ.

ಪ್ರೂಫನ್ನು ಮೊಬೈಲ್‌ನಲ್ಲಿ ನೋಡಿ ಓಕೆ ಅನ್ನಬೇಡಿ. ಒಂದು ಪ್ರತಿ ಕಾಗದದ ಮೇಲೆ ತೆಗೆಸಿ. ಮೊದಲು ಅಂಕಿಗಳನ್ನು ನೋಡಿ: ದಿನಾಂಕ, ಹೊತ್ತು, ಫೋನ್ ನಂಬರು. ಆಮೇಲೆ ಹೆಸರುಗಳು. ಉಳಿದದ್ದು ಕೊನೆಗೆ. ಎಲ್ಲ ಸರಿ ಇದ್ದರೆ ಸಹಿ ಹಾಕಿ, ಎಷ್ಟು ಪ್ರತಿ ಅಂತ ಅದೇ ಕಾಗದದ ಮೇಲೆ ಬರೆದುಕೊಡಿ.